ಹಸ್ತಚಿಕಿತ್ಸೆಯೂ ಪರೀಕ್ಷೆಯ ಬಡತನವೂ

ಬೆಂಗಳೂರಿನ ಶಿವಾಜಿನಗರದ ಬಸ್ ನಿಲ್ದಾಣದಿಂದ ಹೊರಟು, ಹಲಸೂರು ಇಂದಿರಾನಗರಗಳನ್ನು ದಾಟಿ, ಕೃಷ್ಣರಾಜಪುರದ ತೂಗುಸೇತುವೆಯವರೆಗೆ ಗೋಡೆ ಕಂಬಗಳ ಮೇಲಣ ಫಲಕಗಳನ್ನು ಓದುತ್ತ ಹೋಗುವವನು, ಮೂಳೆ ಕೂರಿಸುವ ಪುತ್ತೂರು ಕಟ್ಟಿನವರು, ಮರ್ಮ ಬಲ್ಲವರು, ಫಿಸಿಯೋಥೆರಪಿಯ ಪದವೀಧರರು, ಕೈರೋಪ್ರ್ಯಾಕ್ಟಿಕ್ ಎಂಬ ಹೊಸ ಆಮದಿನವರು ಇವರೆಲ್ಲರೂ ಒಂದೇ ಸೊಂಟನೋವಿಗೆ ಉಮೇದುವಾರರಾಗಿ ನಿಂತಿರುವುದನ್ನು ಕಾಣದೆ ಇರಲಾರನು. ಮೂಟೆ ಹೊರುವ ಹಮಾಲಿಯೂ ಹೊರವರ್ತುಲ ರಸ್ತೆಯ ಕಂಪನಿಯಲ್ಲಿ ದಿನವೆಲ್ಲ ಕುಳಿತೇ ದುಡಿಯುವ ಇಂಜಿನಿಯರನೂ ನೆರೆಹೊರೆಯಾಗಿರುವ ಈ ನಗರಭಾಗದಲ್ಲಿ ಇಂಥ ವೈವಿಧ್ಯವು ಆಕ್ಷೇಪಾರ್ಹವಲ್ಲ. ಆಕ್ಷೇಪವಿರುವುದು ಬೇರೆಡೆ: ನೋಯುವ ಮೈಮೇಲೆ ಕೈಯಿಡಲು ಇಷ್ಟು ಜನ ಸಿದ್ಧರಿದ್ದರೂ, ಕೈಯಿಡುವ ಮೊದಲು ರೋಗಿಯನ್ನು ಕುಳ್ಳಿರಿಸಿಕೊಂಡು ಸಾವಧಾನವಾಗಿ ಪರೀಕ್ಷಿಸುವವರು ವಿರಳ.

ಬೆನ್ನುನೋವೆಂದು ಬರುವವರಲ್ಲಿ ಬಹುಪಾಲಿಗೆ ಗಂಡಾಂತರಕಾರಿಯಾದ ವ್ಯಾಧಿಯಿರುವುದಿಲ್ಲವೆಂಬುದು ನಿಜವೇ. ಆದರೆ ಉಳಿದ ಕೆಲವರನ್ನು ಬೇರ್ಪಡಿಸಿ ತೆಗೆಯುವುದೇ ಪರೀಕ್ಷೆಯ ಪ್ರಥಮ ಪ್ರಯೋಜನ. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ವರ್ಣಿಸಿದ ಬೆನ್ನೆಲುಬಿನ ರೋಗ, ಕ್ಷಯದಿಂದಾಗುವುದೆಂದು ನಾವೀಗ ಬಲ್ಲ ಆ ರೋಗವು, ಅವನ ನಾಡಿನಲ್ಲಿ ಅಪರೂಪವಾದರೂ ನಮ್ಮಲ್ಲಿ ಇನ್ನೂ ಕಾಣಸಿಗುವುದು. ಕ್ಷಯದಿಂದ ಟೊಳ್ಳಾದ ಕಶೇರುವನ್ನು ಉಳುಕೆಂದು ಭ್ರಮಿಸಿ ಒತ್ತಿ ತಿರುಚಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಸಂಜೆಯ ಹೊತ್ತು ಮೈ ಬೆಚ್ಚಗಾಗುವುದೇ, ತೂಕ ಇಳಿದಿದೆಯೇ, ಮಲಗಿದರೂ ನೋವು ಬಿಡದೇ, ಮೂತ್ರ ಕಟ್ಟಿದೆಯೇ, ತೊಡೆಸಂದಿನಲ್ಲೂ ಗುದದ ಸುತ್ತಲೂ ಜೋಮು ಹಿಡಿದಿದೆಯೇ: ಈ ಪ್ರಶ್ನೆಗಳಿಗೆ ಯಂತ್ರವೂ ಬೇಡ, ಹಣವೂ ಬೇಡ. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಕೆ ತೆಗೆಸಿಕೊಂಡ ಬಳ್ಳಾರಿಯ ಯುವಕನೊಬ್ಬನು ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯುವಿಗೆ ಗುರಿಯಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದಾದ ಮೇಲೂ ಲಟಲಟನೆ ಸದ್ದು ಬರದಿದ್ದರೆ ಚಿಕಿತ್ಸೆಯೇ ಆಗಲಿಲ್ಲವೆಂದು ತಿಳಿಯುವ ಗಿರಾಕಿಗಳೂ ಕಡಮೆಯಾಗಿಲ್ಲ, ಆ ಸದ್ದನ್ನು ಚಿತ್ರೀಕರಿಸಿ ಜಾಹೀರುಗೊಳಿಸುವ ಚಿಕಿತ್ಸಕರೂ ಕಡಮೆಯಾಗಿಲ್ಲ.

ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುವವನೊಬ್ಬನು ಸೊಂಟ ಹಿಡಿದುಕೊಂಡು ಬಂದನೆನ್ನೋಣ. ಬಲ್ಲ ಚಿಕಿತ್ಸಕನು ಅವನು ಒಳಗೆ ನಡೆದು ಬರುವುದನ್ನೂ ಕುರ್ಚಿಯಿಂದ ಏಳುವಾಗ ಯಾವ ಕೈಯನ್ನು ಊರುವನೆಂಬುದನ್ನೂ ಮೊದಲೇ ನೋಡಿಕೊಂಡಿರುತ್ತಾನೆ. ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಒಂದೊಂದೇ ಕಾಲನ್ನು ನಿಧಾನವಾಗಿ ಎತ್ತಿ, ಚಳುಕು ಸೊಂಟದಲ್ಲೇ ನಿಂತಿತೋ ಮಂಡಿಯನ್ನು ದಾಟಿ ಪಾದದವರೆಗೆ ಇಳಿಯಿತೋ ಕೇಳುತ್ತಾನೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯೆಂದು ಹೇಳಿ ತಾನು ಕೆಳಕ್ಕೆ ಒತ್ತಿ ಬಲವನ್ನು ಅಳೆಯುತ್ತಾನೆ. ಇದಿಷ್ಟೂ ಹಮಾಲಿಯ ದಖನಿಯಲ್ಲೋ ತಮಿಳಿನಲ್ಲೋ ಕನ್ನಡದಲ್ಲೋ ನಡೆಯಬೇಕು; ಸೊನ್ನೆಯಿಂದ ಹತ್ತರೊಳಗೆ ನೋವಿಗೊಂದು ಅಂಕಿ ಕೊಡೆಂದು ಇಂಗ್ಲಿಷಿನ ನಮೂನೆಯನ್ನು ಮುಂದೊಡ್ಡಿದರೆ ಅವನು ಸೌಜನ್ಯಕ್ಕಾಗಿ ಐದೆಂದು ಹೇಳಿ ಸುಮ್ಮನಾಗುವನು.

ನಮೂನೆಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಸೊಂಟನೋವಿನಿಂದಾಗುವ ಅಶಕ್ತತೆಯನ್ನು ಅಳೆಯಲು ಲೋಕವೆಲ್ಲ ಬಳಸುವ ಆಸ್ವೆಸ್ಟ್ರಿ ಪ್ರಶ್ನಾವಳಿಯು ಬ್ರಿಟನ್ನಿನಲ್ಲಿ ಹುಟ್ಟಿ 1980ರಲ್ಲಿ ಪ್ರಕಟವಾದುದು. ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲೆಯೆಂದೂ ಎಷ್ಟು ದೂರ ನಡೆಯಬಲ್ಲೆಯೆಂದೂ ಅದು ವಿಚಾರಿಸುವುದೇ ಹೊರತು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರುವುದು, ನಮಾಜಿಗೆ ಬಾಗುವುದು ಇವುಗಳ ಮಾತನ್ನೇ ಎತ್ತುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ದರ್ಜಿಗೂ ಹಲಸೂರಿನ ಮನೆಗೆಲಸದಾಕೆಗೂ ನೋವಿನ ನಿಜವಾದ ಅಳತೆಗೋಲು ಆ ಬಿಟ್ಟುಹೋದ ಪ್ರಶ್ನೆಗಳಲ್ಲಿಯೇ ಇದೆ.

ಇನ್ನು ಕೈಯ ಕೆಲಸ. ಹಸ್ತಚಿಕಿತ್ಸೆಯಿಂದ ಹಲವರಿಗೆ ಕೆಲಕಾಲ ಉಪಶಮನ ದೊರೆಯುವುದನ್ನು ಅಲ್ಲಗಳೆಯಲಾಗದು. ಆದರೆ ಅದು ಜಾರಿದ ಎಲುಬನ್ನು ಸ್ವಸ್ಥಾನಕ್ಕೆ ಕೂರಿಸುವುದರಿಂದ ಆಗುವುದೆಂಬ ವಿವರಣೆ ಈಗ ನಿಲ್ಲದು. ಸ್ಪರ್ಶದ ಸಂವೇದನೆಯು ನೋವಿನ ಸಂವೇದನೆಯನ್ನು ಮಿದುಳುಬಳ್ಳಿಯಲ್ಲೇ ತಗ್ಗಿಸಬಲ್ಲುದೆಂದು ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ದ್ವಾರಸಿದ್ಧಾಂತವು, ಮುಂದೆ ಎಷ್ಟೋ ತಿದ್ದುಪಡಿಗೊಂಡರೂ, ಆ ಹಳೆಯ ಕಲ್ಪನೆಗಿಂತ ನಂಬಲರ್ಹವಾದುದು. ಚಿತ್ರಪರೀಕ್ಷೆಯ ಗತಿಯೂ ಹೀಗೆಯೇ: ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಕಲೆಹಾಕಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಡಿಸ್ಕಿನ ಸವೆತವು 20ರ ವಯಸ್ಸಿನವರಲ್ಲಿ ಶೇ 37ರಷ್ಟು, 80ರವರಲ್ಲಿ ಶೇ 96ರಷ್ಟು ಕಂಡುಬಂದಿತು. ಇದನ್ನು ಹೇಳದೆ ‘ನಿಮ್ಮ ಡಿಸ್ಕ್ ಜಾರಿದೆ, ಬಾಗಲೇಬೇಡಿ’ ಎಂದು ಕಳುಹಿಸಿದರೆ, ಮನುಷ್ಯನು ನೋವಿಗಿಂತ ಮಿಗಿಲಾಗಿ ಅಂಜಿಕೆಯಿಂದ ಹಾಸಿಗೆ ಹಿಡಿಯುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆಂದು ಹೊರಡಿಸಿದ ಮಾರ್ಗಸೂಚಿಯು ತಿಳಿವಳಿಕೆ, ವ್ಯಾಯಾಮಗಳ ಸಂಗಡ ಬೆನ್ನೆಲುಬಿನ ಹಸ್ತಚಿಕಿತ್ಸೆಗೂ ಷರತ್ತಿನ ಸಮ್ಮತಿಯಿತ್ತು, ಎಳೆತ, ಸೊಂಟಪಟ್ಟಿ, ಅಲ್ಟ್ರಾಸೌಂಡ್ ಚಿಕಿತ್ಸೆಗಳನ್ನು ಬೇಡವೆಂದಿತು. ಬೇಡವೆನ್ನಿಸಿಕೊಂಡ ಈ ಮೂರರ ಮೇಲೆಯೇ ನಮ್ಮ ಎಷ್ಟು ಕ್ಲಿನಿಕ್ಕುಗಳ ಬಾಡಿಗೆ ನಿಂತಿದೆಯೆಂಬುದನ್ನು ಬಲ್ಲವರು ಬಲ್ಲರು. ಹತ್ತು ಸಿಟ್ಟಿಂಗಿನ ಮುಂಗಡ ಹಣ ಪಡೆದವನಿಗೆ ರೋಗಿಯು ನಾಲ್ಕರಲ್ಲೇ ಗುಣವಾಗುವುದು ಅಷ್ಟೇನೂ ಪ್ರಿಯವಾದ ವಾರ್ತೆಯಲ್ಲ.

ದಿನಗೂಲಿಯವನಿಗೆ ‘ಮೂರು ವಾರ ವಿಶ್ರಾಂತಿ’ಯೆಂಬ ಆಜ್ಞೆಯೂ ಅಷ್ಟೇ ನಿರರ್ಥಕ; ಹೊರೆಯನ್ನು ಎರಡು ಪಾಲು ಮಾಡಿ ಹೊರುವುದು, ಕೆಲದಿನ ತಳ್ಳುಗಾಡಿಯ ಕಡೆಗೆ ಬದಲಾಯಿಸಿಕೊಳ್ಳುವುದು, ಶ್ರಮವನ್ನು ಕ್ರಮವಾಗಿ ಏರಿಸುವುದು, ಇಂಥ ಉಪಾಯಗಳನ್ನು ಅವನೊಡನೆ ಕುಳಿತು ಯೋಚಿಸುವುದೇ ನೋವಿನ ನಿರ್ವಹಣೆ.

ಆರೋಗ್ಯಸಂಬಂಧೀ ವೃತ್ತಿಗಳಿಗೆ ಸಂಬಂಧಿಸಿದ 2021ರ ಕೇಂದ್ರ ಶಾಸನವು ಫಿಸಿಯೋಥೆರಪಿಸ್ಟರನ್ನು ನೋಂದಣಿಯ ಚೌಕಟ್ಟಿಗೆ ತಂದಿದೆ. ಕಟ್ಟಿನವರೂ ಕ್ಷೌರದಂಗಡಿಯವರೂ ಅದರಾಚೆಗಿದ್ದಾರೆ, ಅಲ್ಲಿಯೇ ಇರುವರು. ಅವರನ್ನು ನಿಷೇಧಿಸಿ ಫಲವಿಲ್ಲ, ಏಕೆಂದರೆ ಹಮಾಲಿಯು ಸಂಜೆ ಹೋಗಬಲ್ಲ ಬಾಗಿಲು ಅವರದೇ. ಅವರಿಗೆ ಮೇಲಣ ಐದು ಪ್ರಶ್ನೆಗಳನ್ನು ಕಲಿಸಿ, ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಮೈ ಮುಟ್ಟದೆ ಬೌರಿಂಗ್ ಆಸ್ಪತ್ರೆಗೆ ಚೀಟಿ ಬರೆದು ಕಳುಹಿಸುವ ಏರ್ಪಾಡನ್ನು ಮಾಡಬಹುದು. ನೋಂದಾಯಿತ ಕ್ಲಿನಿಕ್ಕುಗಳಾದರೋ, ಮೊದಲ ದಿನದ ಪರೀಕ್ಷೆಯಲ್ಲಿ ಕಂಡುದನ್ನೂ ಎಷ್ಟು ದಿನದಲ್ಲಿ ಏನು ಸುಧಾರಿಸಬೇಕೆಂಬುದನ್ನೂ ರೋಗಿಯ ಭಾಷೆಯಲ್ಲಿ ಒಂದು ಪುಟ ಬರೆದು ಅವನ ಕೈಗೆ ಕೊಡಬೇಕೆಂದು ಸರಕಾರವು ವಿಧಿಸಲಿ. ಸುಧಾರಿಸದಿದ್ದಾಗ ಆ ಪುಟವನ್ನು ಹಿಡಿದು ಅವನು ಮತ್ತೊಬ್ಬರ ಬಳಿಗೆ ಹೋಗಬಹುದು.