ಎಲ್ಲೆಯರಿಯದ ನೀರು

ಮನುಷ್ಯನು ನೆಲದ ಮೇಲೆ ಎಲ್ಲೆಗಳನ್ನು ಎಳೆಯುತ್ತಾನೆ. ನೀರು ಇಳಿಜಾರನ್ನು ಮಾತ್ರ ಬಲ್ಲದು. ಹೂಡಿಯಿರುವ ಮಹದೇವಪುರವು ಮೊದಲು ಪ್ರತ್ಯೇಕ ನಗರಸಭೆಯಾಗಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಸೇರಿತು. 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾದಾಗ ಪೂರ್ವ ಪಾಲಿಕೆಗೆ ಸಂದಿತು. ಆಡಳಿತದ ಎಲ್ಲೆ ಹೀಗೆ ಬದಲಾದರೂ ನೀರಿನ ಹಾದಿ ಬದಲಾಗಲಿಲ್ಲ. ನಗರದ ಕೊಳಚೆ ಬೆಳ್ಳಂದೂರು ಕೆರೆಗೂ, ಅಲ್ಲಿಂದ ವರ್ತೂರು ಕೆರೆಗೂ, ಮುಂದೆ ದಕ್ಷಿಣ ಪಿನಾಕಿನಿಗೂ ಹರಿಯಿತು. 2015ರಲ್ಲಿ ವರ್ತೂರಿನ ನೊರೆ ರಸ್ತೆಗೇರಿತು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿತು. ಮೇಲಿನವರ ಅಲಕ್ಷ್ಯಕ್ಕೆ ಕೆಳಗಿನವರು ದಂಡ ತೆತ್ತರು.

1964ರಲ್ಲಿ ಸ್ಥಾಪಿತವಾದ ಜಲಮಂಡಳಿಯೇ ಒಳಚರಂಡಿಯನ್ನು ನೋಡಿಕೊಳ್ಳುತ್ತಿರುವಾಗ ಪಾಲಿಕೆಗಳ ನಡುವೆ ಒಪ್ಪಂದವೇಕೆ ಎಂದು ಕೆಲವರು ಕೇಳಬಹುದು. ಆದರೆ ರಾಜಕಾಲುವೆಗಳ ಹೊಣೆ ಬೇರೆಯವರದು. ಕೊಳಚೆ ಅವುಗಳಿಗೆ ನುಗ್ಗಿದಾಗ ಹೊಣೆಗಾರರೇ ಕಾಣರು! ಆದುದರಿಂದ ಎಷ್ಟು ನೀರು ಬರುವುದು, ಅದು ಎಷ್ಟು ಶುದ್ಧವಾಗಿರಬೇಕು, ವೆಚ್ಚದಲ್ಲಿ ಯಾರ ಪಾಲೆಷ್ಟು, ಪರೀಕ್ಷಿಸುವವರು ಯಾರು ಎಂಬುದನ್ನು ನೆರೆಯ ಸಂಸ್ಥೆಗಳು ಮೊದಲೇ ಬರೆದುಕೊಳ್ಳಬೇಕು.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ಆ ವರ್ಷವೇ ಅದರ ಶುದ್ಧತೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಕೊಡುವವನ ಮಾತಿಗೆ ಪಡೆಯುವವನ ಪರೀಕ್ಷೆಯೂ ಜೊತೆಗೂಡಿದರೆ ಮಾತ್ರ ನಂಬಿಕೆ ನೆಲೆಗೊಳ್ಳುವುದು. ನಮ್ಮ ಮನೆಯ ಕೊಳೆಯನ್ನು ನೆರೆಯವನ ಅಂಗಳಕ್ಕೆ ತಳ್ಳುವುದು ಶುಚಿತ್ವವಲ್ಲ. ಅದನ್ನು ನಿರ್ಮಲಗೊಳಿಸಿ ಕಳುಹಿಸುವುದೇ ನಿಜವಾದ ನಾಗರಿಕತೆ.