ಮನೆವಾರ್ತೆ: ಬಾಳೆಯ ನಾರು

ಹೂವಿನೊಡನೆ ನಾರೂ ಸ್ವರ್ಗಕ್ಕೇರಿತೆಂಬ ಗಾದೆಯನ್ನಾಡುವ ನಮ್ಮ ಸೋದರಿಯರಿಗೆ ಆ ನಾರು ಎಲ್ಲಿಯದೆಂಬುದು ತಿಳಿದೇ ಇರುವುದು. ಬಾಳೆಯ ಪಟ್ಟೆಯನ್ನು ಸೀಳಿ ಒಣಗಿಸಿದರೆ ಮಾಲೆ ಕಟ್ಟುವ ನಾರಾಯಿತು. ಬಾಳೆಯು ಒಂದೇ ಗೊನೆಯನ್ನು ಕೊಟ್ಟು ಮುಗಿಯುವುದರಿಂದ, ಗೊನೆ ಇಳಿದೊಡನೆ ರೈತನು ಅದನ್ನು ಕಡಿದುಹಾಕುವನು. ಒಳಗಿನ ದಿಂಡು ಪಲ್ಯಕ್ಕಾಗಬಹುದು. ಪಟ್ಟೆಗಳು ಬಹುಮಟ್ಟಿಗೆ ತೋಟದಲ್ಲಿಯೇ ಕೊಳೆಯುವುವು.

ಈ ಪಟ್ಟೆಯ ನಾರಿನಿಂದ ಹೆಂಗಸರ ಮುಟ್ಟಿನ ದಿನಗಳಿಗೆ ಬೇಕಾದ ಪ್ಯಾಡುಗಳನ್ನು ತಯಾರಿಸುವ ಉದ್ಯಮವು ನಮ್ಮ ದೇಶದಲ್ಲಿ ಹುಟ್ಟಿಕೊಂಡಿದೆ. 2015ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಸಾಥಿ ಎಂಬ ಸಂಸ್ಥೆಯು ಇದರಲ್ಲಿ ಹೆಸರಾದುದು. ಪಟ್ಟೆಯನ್ನು ಯಂತ್ರದೊಳಕ್ಕೆ ಹಾಯಿಸಿದರೆ ಅಲಗುಗಳು ತಿರುಳನ್ನು ಕೆರೆದುಹಾಕಿ ಎಳೆಗಳನ್ನುಳಿಸುವುವು. ಹಸಿ ಎಳೆಯು ಒರಟು. ಶುದ್ಧಿಮಾಡಿ ಮೃದುಗೊಳಿಸಿದ ಮೇಲೆಯೇ ಅದಕ್ಕೆ ತೇವವನ್ನು ಚೆನ್ನಾಗಿ ಹೀರುವ ಗುಣ ಬರುವುದು.

ಇಷ್ಟು ಶ್ರಮವೇಕೆಂದು ಕೇಳಬಹುದು. ಸಾಮಾನ್ಯ ಪ್ಯಾಡಿನ ತಳದಲ್ಲಿರುವುದು ಪ್ಲಾಸ್ಟಿಕ್ಕಿನ ಹಾಳೆ. ಅನೇಕವುಗಳ ಒಳಗೆ ತೇವವನ್ನು ಹಿಡಿದಿಡುವ ಕೃತಕ ಪುಡಿಯೂ ಉಂಟು. ಹೂಳಿದರೆ ಅದು ಮಣ್ಣಾಗದು, ಸುಟ್ಟರೆ ಕೆಟ್ಟ ಹೊಗೆ. ಕಸದೊಡನೆ ಬಿಸುಟರೆ ಬೇರ್ಪಡಿಸಬೇಕಾದುದು ಪೌರಕಾರ್ಮಿಕರ ಕೈ. ಬೆಂಗಳೂರಿನಲ್ಲಿ ಇಂತಹುದನ್ನು ಕಾಗದದಲ್ಲಿ ಸುತ್ತಿ ಕೆಂಪು ಬೊಟ್ಟಿಡುವ ಪದ್ಧತಿ ಬಂದುದು ಅವರಿಗಾಗಿಯೇ. ಬೊಟ್ಟಿಡಲು ಅರೆನಿಮಿಷ ಬಿಡುವಿಲ್ಲದ ಮನೆಗಳೂ ಉಂಟಂತೆ. ಅಂಥವರಿಗೆ ಏನು ಹೇಳೋಣ!

ಆದರೆ ಕಟ್ಟಿನ ಮೇಲೆ 'ನಾರಿನದು' ಎಂದು ಅಚ್ಚಾದುದನ್ನು ಕಂಡೊಡನೆ ನಂಬತಕ್ಕದ್ದಲ್ಲ. ಮೇಲ್ಪದರವು ಹತ್ತಿಯಾಗಿ ತಳಹಾಳೆಯು ಪ್ಲಾಸ್ಟಿಕ್ಕಾಗಿದ್ದರೆ ಫಲವೇನು? ಪ್ರತಿಯೊಂದು ಪದರವೂ ಯಾವುದರಿಂದಾದುದೆಂದು ಕೇಳಿಯೇ ಕೊಳ್ಳಬೇಕು.

ಬೆಲೆ ನಿಲುಕದ ಮನೆಗೆ ಹತ್ತಿಯ ಬಟ್ಟೆಯೇನೂ ಕೀಳಲ್ಲವೆಂದು ನಾವು ಹೇಳುವೆವು. ಅದೂ ಗಿಡದ ನಾರೇ ಅಲ್ಲವೆ? ತಣ್ಣೀರಿನಲ್ಲಿ ನೆನೆಸಿ, ಸಾಬೂನಿನಿಂದ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಈ ಬಿಸಿಲೇ ನಮ್ಮ ಮನೆಗಳಲ್ಲಿ ದುರ್ಲಭವಾಗಿದೆ. ಗಂಡಸರ ಕಣ್ಣಿಗೆ ಬೀಳಬಾರದೆಂದು ಬಚ್ಚಲಿನ ಮೂಲೆಯಲ್ಲಿಯೋ ಸೀರೆಯ ಮರೆಯಲ್ಲಿಯೋ ಹರವುವರು. ತೇವವಾರದ ಬಟ್ಟೆಯಿಂದ ತುರಿಕೆಯೂ ಸೋಂಕೂ ತಗಲುವುವು. ಹನ್ನೆರಡು ವರ್ಷದ ಹುಡುಗಿಗೆ ತಾಯಿಯು ಎಷ್ಟೋ ವೇಳೆ ಮೊದಲು ಕಲಿಸುವುದು ಈ ಬಚ್ಚಿಡುವ ವಿದ್ಯೆಯನ್ನೇ.

ಮನೆಯ ಯಜಮಾನರಾರಾದರೂ ಈ ಪುಟವನ್ನು ಓದುತ್ತಿದ್ದರೆ, ಅವರಲ್ಲಿ ನಮ್ಮದೊಂದು ಕೋರಿಕೆ: ಹಿತ್ತಿಲಿನಲ್ಲಿ ಬಿಸಿಲು ಬೀಳುವೆಡೆ ಒಂದು ಹಗ್ಗವನ್ನು ಕಟ್ಟಿಕೊಡಲಿ, ಅದರ ಮೇಲೆ ಏನನ್ನು ಒಣಹಾಕಿದರೂ ಮುಖ ಸಿಂಡರಿಸದಿರಲಿ.