‘ದೌಲತ್ತು’: ಪದವೊಂದರ ಹೀನಾರ್ಥಪ್ರಾಪ್ತಿ

ಇಲ್ಲದ ಹಿರಿಮೆಯನ್ನು ಮೆರೆಯುವವರನ್ನು ಗುರುತಿಸಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ‘ಜಂಬ’ವು ಸಂಸ್ಕೃತದ ‘ದಂಭ’ದಿಂದ ಬಂದ ತದ್ಭವ. ‘ಬಡಾಯಿ’ಗೆ ಹಿಂದೂಸ್ತಾನಿಯಲ್ಲಿ ದೊಡ್ಡತನವೆಂಬ ಅರ್ಥವಿದ್ದರೆ, ಕನ್ನಡದಲ್ಲಿ ಉಳಿದಿರುವುದು ಕೊಚ್ಚಿಕೊಳ್ಳುವಿಕೆ ಮಾತ್ರ. ಇವೆರಡಕ್ಕೂ ನೋಡುವವನೋ ಕೇಳುವವನೋ ಇದ್ದರೆ ಸಾಕು. ಆದರೆ ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಆಡುಮಾತಿನಲ್ಲಿ ಬಳಕೆಯಾಗುವ ‘ದೌಲತ್ತು’ ಎಂಬ ಪದಕ್ಕೆ ಎದುರಿನಲ್ಲಿ ತಗ್ಗಿ ನಿಲ್ಲುವವನೊಬ್ಬ ಬೇಕು. ಈ ಸೂಕ್ಷ್ಮವನ್ನು ‘ಅನ್ಯದೇಶ್ಯ’ ಎಂಬ ಒಂದೇ ಹಣೆಪಟ್ಟಿ ಮರೆಮಾಚುತ್ತದೆ.

ಪದದ ಮೂಲ ಅರಬ್ಬಿಯ ‘ದೌಲ’. ಅದರ ಧಾತುವಿಗೆ ತಿರುಗು, ಸರದಿಯಂತೆ ಕೈಬದಲಾಗು ಎಂಬ ಅರ್ಥಗಳಿವೆ. ಕ್ರಿ.ಶ. 750ರಲ್ಲಿ ಅಧಿಕಾರಕ್ಕೆ ಬಂದ ಅಬ್ಬಾಸಿಯರ ಕಾಲದಲ್ಲಿ ‘ಸರದಿ’ ಎಂಬ ಈ ಅರ್ಥವೇ ಕ್ರಮೇಣ ರಾಜವಂಶ, ರಾಜ್ಯ ಎಂದು ವಿಸ್ತಾರಗೊಂಡಿತು. ಪಾರಸಿ, ಉರ್ದುಗಳಲ್ಲಿ ಸಂಪತ್ತು ಎಂಬ ಅರ್ಥವೂ ಸೇರಿತು. ತಾಕತ್ತು, ಕಿಮ್ಮತ್ತುಗಳಂತೆ ಕನ್ನಡದ ಉಚ್ಚಾರಣೆಗೆ ಒಗ್ಗಿದ ‘ದೌಲತ್ತು’ ಮಾತ್ರ ದರ್ಪದ ಪ್ರದರ್ಶನವಾಯಿತು. ರಾಯಚೂರು ನಗರದ ಉರ್ದು ಮಾತಿನಲ್ಲಿ ಇಂದಿಗೂ ಸಂಪತ್ತಾಗಿರುವ ಪದ, ನೆರೆಮನೆಯ ಕನ್ನಡದಲ್ಲಿ ಬೈಗುಳವಾಗಿರುವುದು ಗಮನಾರ್ಹ.

ಈ ಪಲ್ಲಟ ರಾಯಚೂರಿಗೇ ಸೀಮಿತವಲ್ಲ. ಆದರೆ ಅದರ ಕಾರಣವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಬಹಮನಿ, ಆದಿಲಶಾಹಿ, ನಿಜಾಮ ಆಳ್ವಿಕೆಗಳನ್ನು ಕಂಡ ಈ ದೋಆಬ್ ಪ್ರದೇಶವು 1853ರಲ್ಲಿ ಬ್ರಿಟಿಷರ ವಶಕ್ಕೆ ಹೋಗಿ, 1860ರಲ್ಲಿ ನಿಜಾಮನಿಗೆ ಮರಳಿತು. ಆಗ ಆಳುತ್ತಿದ್ದವನು ಅಫ್ಜಲ್-ಉದ್-ದೌಲಾ. ಅರಸನ ಬಿರುದಿನಲ್ಲಿಯೇ ‘ದೌಲ’ ಇತ್ತು. 1948ರ ಸೆಪ್ಟೆಂಬರ್‌ವರೆಗೂ ಆಡಳಿತದ ಭಾಷೆ ಪ್ರಜೆಯ ಭಾಷೆಯಾಗಿರಲಿಲ್ಲ. ತಹಶೀಲ್ದಾರ, ಜಪ್ತಿ, ಜಾಮೀನು ಮುಂತಾದ ಕಡತದ ಪದಗಳು ತಮ್ಮ ಅರ್ಥವನ್ನು ಬಹುಮಟ್ಟಿಗೆ ಉಳಿಸಿಕೊಂಡವು. ದೌಲತ್ತು, ದರ್ಬಾರುಗಳು ವ್ಯಂಗ್ಯಕ್ಕೆ ತಿರುಗಿದವು. ಹಿತಚಿಂತನೆಯೆಂಬ ಅರ್ಥದ ‘ಮಸಲಹತ್’ ಕನ್ನಡದಲ್ಲಿ ಒಳಸಂಚಿನ ‘ಮಸಲತ್ತು’ ಆಯಿತು. ಕಚೇರಿಯ ಒಳಗಿದ್ದವರು ಬರೆದ ಪದಗಳಿಗೂ ಹೊರಗೆ ಕಾದು ನಿಂತವರು ಆಡಿದ ಪದಗಳಿಗೂ ಇರುವ ವ್ಯತ್ಯಾಸವಿದು.

ಸಂಪತ್ತಿನಿಂದ ಸಂಪತ್ತಿನ ಮದಕ್ಕೆ ಅರ್ಥ ಜಾರುವುದು ಸಹಜವೆಂದು ವಾದಿಸಬಹುದು. ಹಾಗಿದ್ದಲ್ಲಿ ಸಿರಿ, ಐಶ್ವರ್ಯ, ಆಸ್ತಿ ಎಂಬ ಪದಗಳೂ ದರ್ಪವಾಚಿಗಳಾಗಬೇಕಿತ್ತು. ಅವು ಆಗಲಿಲ್ಲ. ಆದುದರಿಂದ ದೌಲತ್ತಿನಲ್ಲಿರುವುದು ಹಣದ ಮದಕ್ಕಿಂತ ಮಿಗಿಲಾಗಿ ಎರವಲು ಪಡೆದ ಅಧಿಕಾರದ ಮೆರೆದಾಟ.

ಇದೇ ನೆಲದ ಇನ್ನೊಂದು ಕಥನ ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಮಾನ್ವಿಯ ಜಗನ್ನಾಥದಾಸರು (1728–1809) ಮೊದಲು ವಿದ್ಯೆಯ ಹೆಮ್ಮೆಯಿಂದ ವಿಜಯದಾಸರನ್ನು ಕಡೆಗಣಿಸಿ, ಉದರವ್ಯಾಧಿಗೆ ತುತ್ತಾಗಿ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರಿಂದ ಗುಣಹೊಂದಿದರೆಂದು ದಾಸಪರಂಪರೆ ಹೇಳುತ್ತದೆ. ಅಲ್ಲಿಯ ಹೆಮ್ಮೆಯನ್ನು ಗರ್ವವೆನ್ನಬಹುದು, ಜಂಬವೆನ್ನಬಹುದು. ದೌಲತ್ತು ಎಂದರೆ ಕಿವಿಗೊಗ್ಗದು. ವಿದ್ಯೆ ಅವರ ಸ್ವಂತದ್ದಾಗಿತ್ತು. ದೌಲತ್ತಿನವನ ಬಲವಾದರೋ ಬೇರೆಯವರದು.

ನಿಘಂಟುಗಳು ಇಂಥ ಪದಗಳ ಮೂಲಭಾಷೆಯನ್ನು ನಮೂದಿಸಿ ತೃಪ್ತಿಪಡಬಾರದು. ಅರ್ಥವನ್ನು ತಿರುಗಿಸಿದವರು ಅವನ್ನು ಬಳಸಿದ ಸಾಮಾನ್ಯ ಜನ. ಕೈಬದಲಾಗುವ ಸರದಿಯೆಂಬ ಮೂಲಾರ್ಥವನ್ನು ಅವರು ಅರಿತಿರಲಿಕ್ಕಿಲ್ಲ. ಅಧಿಕಾರ ಯಾರಲ್ಲಿಯೂ ನಿಲ್ಲುವುದಿಲ್ಲವೆಂಬುದನ್ನು ಅರಿತಿದ್ದರು. ಆ ತೀರ್ಪನ್ನು ದಾಖಲಿಸುವ ಕ್ಷೇತ್ರಕಾರ್ಯ ತಾಲ್ಲೂಕು ಮಟ್ಟದಿಂದಲೇ ಆರಂಭವಾಗಬೇಕಾಗಿದೆ.